ತೊಗರಿಗೆ ಎಣ್ಣೆ ಹೊಡೆದ ರಾತ್ರಿ ಯಕೃತ್ತಿನ ಕೆಲಸ

ಪ್ರಶ್ನೆ: ತೊಗರಿಯ ಕಾಯಿಕೊರಕ ಹುಳುವಿಗೆ ಎಣ್ಣೆ (ಕೀಟನಾಶಕ) ಹೊಡೆದ ದಿನ ರಾತ್ರಿ ತಲೆನೋವು ಬರುತ್ತದೆ, ಊಟ ಸೇರುವುದಿಲ್ಲ. ಪ್ಯಾರಾಸಿಟಮಾಲ್ ನುಂಗಿ ಮಲಗುತ್ತೇನೆ. ಮೈಯೊಳಗಿನ ವಿಷ ತೆಗೆಯಲು ಗ್ಲುಟಾಥಯೋನ್ ಮಾತ್ರೆ ತೆಗೆದುಕೊಳ್ಳಬಹುದೇ?
– ಓದುಗರು, ಆಳಂದ ತಾಲ್ಲೂಕು

ಉತ್ತರ: ಗ್ಲುಟಾಮಿಕ್ ಆಮ್ಲ, ಸಿಸ್ಟೀನ್, ಗ್ಲೈಸೀನ್ ಎಂಬ 3 ಅಮೈನೋ ಆಮ್ಲಗಳನ್ನು ಜೋಡಿಸಿ ನಿಮ್ಮ ಯಕೃತ್ತೇ ಗ್ಲುಟಾಥಯೋನನ್ನು ದಿನವೂ ತಯಾರಿಸುತ್ತದೆ. ನುಂಗಿದ ಮಾತ್ರೆಯಾದರೋ ಬಹುಪಾಲು ಕರುಳಿನಲ್ಲೇ ಒಡೆದುಹೋಗುತ್ತದೆ. ಅದಕ್ಕೆ ಹಣ ಸುರಿಯಬೇಡಿ.

ಗ್ಲುಟಾಥಯೋನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ನೀವು ನುಂಗುವ ಪ್ಯಾರಾಸಿಟಮಾಲನ್ನೇ ನೋಡಿ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಹೆಚ್ಚಿನ ಪಾಲು ಬೇರೆ ದಾರಿಯಲ್ಲಿ ಮೂತ್ರ ಸೇರುತ್ತದೆ. ಸುಮಾರು ಶೇ 5ರಿಂದ 10ರಷ್ಟನ್ನು ಮಾತ್ರ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳು ಎನ್‌ಎಪಿಕ್ಯುಐ ಎಂಬ ತೀಕ್ಷ್ಣ ವಸ್ತುವಾಗಿ ಮಾರ್ಪಡಿಸುತ್ತವೆ. ಜೀವಕೋಶದ ಪ್ರೋಟೀನುಗಳಿಗೆ ಅಂಟಿ ಅವನ್ನು ಕೆಡಿಸಬಲ್ಲ ಈ ವಸ್ತುವಿಗೆ ಗ್ಲುಟಾಥಯೋನ್ ತನ್ನ ಸಿಸ್ಟೀನಿನ ಗಂಧಕದ ಮೂಲಕ ಬೆಸೆದುಕೊಳ್ಳುತ್ತದೆ. ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳು ಆ ಬೆಸುಗೆಗೆ ವೇಗ ಕೊಡುತ್ತವೆ. ಬೆಸೆದ ವಸ್ತು ನೀರಿನಲ್ಲಿ ಕರಗುವಂತಾಗಿ, ಪಿತ್ತರಸದಲ್ಲೋ ಮೂತ್ರದಲ್ಲೋ ಹೊರಬೀಳುತ್ತದೆ.

ಹೀಗೆ ಬೆಸೆದುಕೊಂಡ ಗ್ಲುಟಾಥಯೋನ್ ಮರಳಿ ಬರುವುದಿಲ್ಲ, ಒಂದೊಂದು ಅಣುವಿಗೂ ಒಂದೊಂದು ಖರ್ಚಾಗುತ್ತದೆ. ಉಪವಾಸವಿದ್ದಾಗ ಮತ್ತು ಕುಡಿತದ ಚಟವಿದ್ದವರಲ್ಲಿ ಸಂಗ್ರಹ ಮೊದಲೇ ಇಳಿದಿರುತ್ತದೆ. ಅಂಥ ಹೊಟ್ಟೆಗೆ ಮಾತ್ರೆಯ ಮೇಲೆ ಮಾತ್ರೆ ಬಿದ್ದರೆ ತೀಕ್ಷ್ಣ ವಸ್ತು ಯಕೃತ್ತನ್ನೇ ಸುಡುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಇದೇ. ಆರೋಗ್ಯವಂತ ವಯಸ್ಕರಿಗೂ 24 ಗಂಟೆಯಲ್ಲಿ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ, ಮೀರಬಾರದ ಮಿತಿ. ಊಟ ಬಿಟ್ಟವರಿಗೆ ಅಷ್ಟೂ ಹೆಚ್ಚಾಗಬಹುದು. ಮಿತಿ ಮೀರಿದ್ದರೆ ಮೈಗೆ ಏನೂ ಆಗಿಲ್ಲವೆನಿಸಿದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗ್ಲುಟಾಥಯೋನ್ ತಯಾರಿಕೆಗೆ ಸಿಸ್ಟೀನ್ ಒದಗಿಸುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ, ಮಾತ್ರೆ ನುಂಗಿದ ಮೊದಲ 8 ಗಂಟೆಯೊಳಗೆ ಸಿಕ್ಕರೆ ಯಕೃತ್ತನ್ನು ಚೆನ್ನಾಗಿ ಕಾಪಾಡುತ್ತದೆ.

ಕೆಲವು ಕೀಟನಾಶಕಗಳನ್ನೂ ಗ್ಲುಟಾಥಯೋನನ್ನು ಬೆಸೆಯುವ ಇದೇ ಟ್ರಾನ್ಸ್‌ಫರೇಸ್ ಕಿಣ್ವಗಳು ಸಂಸ್ಕರಿಸುತ್ತವೆ. ಕಾಯಿಕೊರಕ ಹುಳುವಿನ ಮೈಯಲ್ಲೂ ಈ ವಂಶದ ಕಿಣ್ವಗಳಿವೆ. ಎಣ್ಣೆಗೆ ಹುಳು ಬಗ್ಗದಿರಲು ಅವೂ ಒಂದು ಕಾರಣ. ಹುಳು ಸಾಯಲಿಲ್ಲವೆಂದು ಪ್ರಮಾಣ ಹೆಚ್ಚಿಸಿದರೆ ಹೊರೆ ಬೀಳುವುದು ಪಂಪು ಹೊತ್ತವರ ಮೇಲೆ. ಎಲ್ಲ ವಿಷವೂ ಈ ದಾರಿಯಲ್ಲಿ ತಣ್ಣಗಾಗುವುದಿಲ್ಲ: ಧಾನ್ಯದ ಹುಳುವಿಗೆ ಹಿಂದೆ ಬಳಸುತ್ತಿದ್ದ ಎಥಿಲೀನ್ ಡೈಬ್ರೋಮೈಡ್ ಗ್ಲುಟಾಥಯೋನ್ ಜೊತೆ ಸೇರಿದ ಮೇಲೆಯೇ ಡಿಎನ್‌ಎಗೆ ಅಂಟುವಷ್ಟು ಅಪಾಯಕಾರಿಯಾಗುತ್ತದೆ.

ಎಣ್ಣೆ ಹೊಡೆದ ಮೇಲೆ ಬರುವ ತಲೆನೋವು ವಿಷಬಾಧೆಯ ಮೊದಲ ಸೂಚನೆಯೂ ಆಗಿರಬಹುದು. ಸಿಂಪಡಣೆ ಮುಗಿದೊಡನೆ ಬಟ್ಟೆ ಬದಲಿಸಿ, ಸಾಬೂನು ಹಚ್ಚಿ ಸ್ನಾನ ಮಾಡಿ. ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜು, ಉಸಿರಿನ ತೊಂದರೆ ಕಂಡರೆ ಮಾತ್ರೆ ನುಂಗಿ ಮಲಗದೆ, ಎಣ್ಣೆಯ ಡಬ್ಬಿಯ ಚೀಟಿಯನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ.