ಕೆನೆಗಟ್ಟುವ ಬಣ್ಣಕ್ಕೆ ಒದ್ದೆ ಹಾಸಿಗೆ

ಪ್ರಶ್ನೆ: 28 ಮಿ.ಮೀ. ಅಳತೆಯ ಪುಟ್ಟ ಗೊಂಬೆಗಳಿಗೆ ಅಕ್ರಿಲಿಕ್ ಬಣ್ಣ ಹಚ್ಚುತ್ತೇನೆ. ಮುಖದ ನೆರಳಿಗೆ ಬಣ್ಣ ಬೆರೆಸಿ ಗೊಂಬೆ ಕೈಗೆತ್ತಿಕೊಳ್ಳುವಷ್ಟರಲ್ಲಿ ತಟ್ಟೆಯಲ್ಲಿ ಕೆನೆಗಟ್ಟಿರುತ್ತದೆ. ಮನೆಯಲ್ಲೇ ವೆಟ್ ಪ್ಯಾಲೆಟ್ (ಬಣ್ಣ ಒಣಗದಂತೆ ಇಡುವ ಒದ್ದೆ ತಟ್ಟೆ) ಮಾಡಿಕೊಳ್ಳುವುದು ಹೇಗೆ? (ಕಲಬುರಗಿಯ ಓದುಗರು)

ಉತ್ತರ: ಅಕ್ರಿಲಿಕ್‌ನಲ್ಲಿರುವ ನೀರು ಆರಿತೆಂದರೆ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಆಮೇಲೆ ಎಷ್ಟು ನೀರು ಹಾಕಿದರೂ ಕರಗುವುದಿಲ್ಲ. ನಿಮ್ಮೂರಿನ ಬೇಸಿಗೆಯಲ್ಲಿ, ಅದೂ ಫ್ಯಾನಿನ ಕೆಳಗೆ, ಎರಡು ಹನಿ ಬಣ್ಣ ಐದು ನಿಮಿಷ ತಾಳಿದರೆ ದೊಡ್ಡದು. ವೆಟ್ ಪ್ಯಾಲೆಟ್ ಮಾಡುವುದಿಷ್ಟೇ: ಆರಿದ ನೀರನ್ನು ಕೆಳಗಿನಿಂದ ಕಾಗದದ ಮೂಲಕ ತುಸುತುಸುವೇ ತುಂಬಿಕೊಡುತ್ತದೆ.

ಬಿಗಿ ಮುಚ್ಚಳದ ತಗ್ಗು ಪ್ಲಾಸ್ಟಿಕ್ ಡಬ್ಬಿ ಬೇಕು. 20×15 ಸೆಂ.ಮೀ. ಅಗಲ, 3 ಸೆಂ.ಮೀ. ಆಳ ಸಾಕು; ಆಳ ಹೆಚ್ಚಿದ್ದರೆ ಕುಂಚ ಹಿಡಿದ ಕೈ ಅಂಚಿಗೆ ತಾಗುತ್ತದೆ. ಒಳಗೆ ಹಾಸಲು ಅಡುಗೆಕಟ್ಟೆ ಒರೆಸುವ ಚಪ್ಪಟೆ ಸ್ಪಂಜ್ ಬಟ್ಟೆ, ಇಲ್ಲವೇ ಕಿಚನ್ ಟಿಶ್ಯೂ 6–8 ಪದರ. ಪಾತ್ರೆ ತಿಕ್ಕುವ ಸ್ಪಂಜ್ ಬೇಡ, ಅದರ ತೂತುಗಳು ದೊಡ್ಡವು, ಕಾಗದಕ್ಕೆ ಸಮನಾಗಿ ತಾಗುವುದಿಲ್ಲ. ಮೇಲೆ, ಕೇಕ್ ಬೇಯಿಸುವಾಗ ಟ್ರೇಗೆ ಹಾಸುವ ಬೇಕಿಂಗ್ ಪಾರ್ಚ್‌ಮೆಂಟ್ ಕಾಗದ.

ಬಹಳ ಮಂದಿ ಎಡವುವುದು ಈ ಕಾಗದದಲ್ಲೇ. ಅಂಗಡಿಯಲ್ಲಿ ‘ಬಟರ್ ಪೇಪರ್’ ಎಂದು ಕೇಳಿದರೆ ಟ್ರೇಸಿಂಗ್ ಕಾಗದವನ್ನೂ ಕೊಟ್ಟಾರು, ಮೇಣದ ಕಾಗದವನ್ನೂ ಕೊಟ್ಟಾರು. ಮೇಣದ್ದು ನೀರನ್ನು ಮೇಲೆ ಬಿಡುವುದೇ ಇಲ್ಲ. ಟ್ರೇಸಿಂಗ್ ಕಾಗದ ನೆನೆದು ಸುಕ್ಕುಗಟ್ಟುತ್ತದೆ. ತಂದದ್ದನ್ನು ಪರೀಕ್ಷಿಸಿ: ಅಂಗೈಯಗಲದ ತುಂಡನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ, ಒದ್ದೆ ಸ್ಪಂಜಿನ ಮೇಲೆ ಹಾಸಿ, ಒಂದು ಹನಿ ಬಣ್ಣವನ್ನು ತೆಳುವಾಗಿ ಸವರಿ. ಅರ್ಧ ಗಂಟೆಯ ಮೇಲೆ ಕುಂಚ ಎಳೆದರೆ ಬಣ್ಣ ಹರಿಯಬೇಕು. ಒಣಗಿದ್ದರೆ ಆ ಸುರುಳಿ ಚಪಾತಿ ಸುತ್ತಲಿಕ್ಕೆ ಇರಲಿ.

ಸ್ಪಂಜನ್ನು ಡಬ್ಬಿಯ ಅಳತೆಗೆ ಕತ್ತರಿಸಿ, ಹೀರುವಷ್ಟು ನೀರು ಕುಡಿಸಿ. ಮೈ ಹೊಳೆಯಬೇಕು, ಆದರೆ ಮೇಲೆ ನೀರು ನಿಲ್ಲಬಾರದು. ಕಾಗದ ಸ್ಪಂಜಿಗಿಂತ ಒಂದೆರಡು ಮಿ.ಮೀ. ಚಿಕ್ಕದಿರಲಿ, ಡಬ್ಬಿಯ ಗೋಡೆಗೆ ತಾಗಿದರೆ ಅಂಚು ಎದ್ದು ಸುರುಳಿಯಾಗುತ್ತದೆ. ನೆನೆಸಿದ ಕಾಗದವನ್ನು ಹಾಸಿ, ಅಂಗೈಯ ಬದಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀವಿ. ಗಾಳಿಗುಳ್ಳೆ ಉಳಿದ ಜಾಗ ಸುತ್ತಲಿಗಿಂತ ಬಿಳಿಚಿ ಕಾಣುತ್ತದೆ, ಅಲ್ಲಿಟ್ಟ ಬಣ್ಣವೇ ಮೊದಲು ಒಣಗುವುದು.

ಪ್ರಶ್ನೆ: ಪ್ಯಾಲೆಟ್ ಮಾಡಿದ್ದೇನೆ, ಆದರೆ ಬಣ್ಣ ಒಣಗುವ ಬದಲು ನೀರಾಗಿ ಹರಡುತ್ತಿದೆ. (ಬೆಂಗಳೂರಿನ ಓದುಗರು)

ಉತ್ತರ: ಹನಿಯ ಸುತ್ತ ತಿಳಿನೀರಿನ ಉಂಗುರ, ನಡುವೆ ಮಾತ್ರ ಗಾಢ ಬಣ್ಣ ಕಾಣುತ್ತಿದ್ದರೆ ಸ್ಪಂಜಿನಲ್ಲಿ ನೀರು ಜಾಸ್ತಿಯಾಗಿದೆ. ಕಾಗದ ಎತ್ತಿ, ಡಬ್ಬಿ ಬಗ್ಗಿಸಿ ನೀರು ಸುರಿದು, ಸ್ಪಂಜನ್ನು ಟಿಶ್ಯೂವಿನಿಂದ ಒಮ್ಮೆ ಒತ್ತಿ. ಬಣ್ಣಕ್ಕೆ ಮೊದಲೇ ನೀರು ಬೆರೆಸಿಡುವ ಅಭ್ಯಾಸವನ್ನೂ ಬಿಡಿ: ಬಾಟಲಿಯಿಂದ ಹಾಕಿದಂತೆಯೇ ಇರಲಿ, ಕೆಳಗಿನ ನೀರನ್ನು ಅದೇ ಎಳೆದುಕೊಳ್ಳುತ್ತದೆ. ಬೇಕಾದಷ್ಟನ್ನೇ ಪಕ್ಕಕ್ಕೆಳೆದು ತೆಳುಮಾಡಿ.

ಚಿನ್ನ, ಬೆಳ್ಳಿಯಂಥ ಮೆಟಾಲಿಕ್ ಬಣ್ಣಗಳನ್ನು ಇದರ ಮೇಲೆ ಇಡಲೇಬೇಡಿ. ಅವುಗಳ ಮಿನುಗು ಚೂರುಗಳು ನೀರಿನಲ್ಲಿ ತೇಲಿ ಪಕ್ಕದ ಬಣ್ಣಕ್ಕೆ ಸೇರುತ್ತವೆ. ಮರುದಿನ ಗೊಂಬೆಯ ಕೆನ್ನೆ ಮಿರಮಿರ ಮಿಂಚುತ್ತದೆ! ಅವಕ್ಕೆ ಒಂದು ಬಿಳಿ ಟೈಲ್ಸ್ ತುಂಡು ಸಾಕು. ಮೊದಲೇ ನೀರಾಗಿರುವ ವಾಶ್ (ನೆರಳಿಗೆ ಹಚ್ಚುವ ತೆಳು ಬಣ್ಣ), ಇಂಕ್‌ಗಳಿಗೂ ಅದೇ.

ಪ್ರಶ್ನೆ: ನಾಲ್ಕೇ ದಿನಕ್ಕೆ ಡಬ್ಬಿ ವಾಸನೆ ಬರುತ್ತದೆ, ಕಪ್ಪು ಚುಕ್ಕೆ ಬೇರೆ. (ಮಂಗಳೂರಿನ ಓದುಗರು)

ಉತ್ತರ: ಬೂಸು. ಒದ್ದೆ ಸ್ಪಂಜನ್ನು ಸೆಖೆಯಲ್ಲಿ ಮುಚ್ಚಿಟ್ಟರೆ ಇನ್ನೇನಾದೀತು? ಕುದಿಸಿ ಆರಿಸಿದ ನೀರು ಬಳಸಿ, ಎರಡು ಮೂರು ದಿನಕ್ಕೊಮ್ಮೆ ಅದನ್ನು ಬದಲಿಸಿ. ಸ್ಪಂಜಿನಡಿ ತಾಮ್ರದ ತಂತಿಯ ತುಂಡಿಟ್ಟರೆ ಬೂಸು ತಡವಾಗುತ್ತದೆ, ನಿಲ್ಲುವುದಿಲ್ಲ. ರಾತ್ರಿ ಫ್ರಿಜ್‌ನಲ್ಲಿಡಬಹುದು, ಫ್ರೀಜರ್‌ನಲ್ಲಿ ಬೇಡ: ಹೆಪ್ಪುಗಟ್ಟಿ ಕರಗಿದ ಅಕ್ರಿಲಿಕ್ ಒಡೆದ ಮೊಸರಿನಂತಾಗುತ್ತದೆ. ವಾರಗಟ್ಟಲೆ ಕೆಲಸವಿಲ್ಲದಿದ್ದರೆ ಕಾಗದ ಎಸೆದು, ಸ್ಪಂಜ್ ಹಿಂಡಿ ಬಿಸಿಲಿಗೆ ಹಾಕಿ, ಡಬ್ಬಿ ತೆರೆದಿಡಿ. ಕಪ್ಪು ಚುಕ್ಕೆ ಒಳಗಿಳಿದ ಸ್ಪಂಜನ್ನು ತೊಳೆಯುವ ಕಷ್ಟ ಬೇಡ, ಹೊಸದು ಹಾಕಿ. ಡಬ್ಬಿಯನ್ನಂತೂ ಮತ್ತೆ ತಿಂಡಿಗೆ ಬಳಸಬೇಡಿ.