ಐನ್‌ಸ್ಟೀನ್ ಸಾಕು, ಉಗಿಯ ಬಗ್ಗೆ ಬರೆಯಿರಿ

ನಮಸ್ಕಾರ.

ಕೈಗಾ ಅಣುವಿದ್ಯುತ್ ಸ್ಥಾವರದ ಟರ್ಬೈನ್, ಅಂದರೆ ಉಗಿ ತಿರುಗಿಸುವ ಯಂತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಮೊದಲ ಎರಡು ಪುಟ ಐನ್‌ಸ್ಟೀನ್‌ಗೇ ಹೋಗಿದೆ. ಟರ್ಬೈನ್ ಬರುವುದು ಕೊನೆಯ ಪ್ಯಾರಾದಲ್ಲಿ, ಅದೂ ‘ಪ್ರಚಂಡ ಉಗಿಯ ರುದ್ರನರ್ತನ’ ಅಂತ!

ಎಡವಿರುವುದು ಅಲ್ಲೇ. ಪರಮಾಣು ಅಂದಮೇಲೆ ಉಗಿಯೂ ವಿಪರೀತ ಬಿಸಿ ಅಂದುಕೊಂಡಿದ್ದೀರಿ. ಸಂಗತಿ ಉಲ್ಟಾ. ರಾಯಚೂರಿನ ಕಲ್ಲಿದ್ದಲು ಸ್ಥಾವರದಲ್ಲಿ ಉಗಿ ಸುಮಾರು 540 ಡಿಗ್ರಿ. ಕೈಗಾದಲ್ಲಿ ಸುಮಾರು 250 ಅಷ್ಟೇ. ಒತ್ತಡ ವಾತಾವರಣದ 40 ಪಟ್ಟಿನಷ್ಟು, ಅದೂ ರಾಯಚೂರಿಗಿಂತ ಎಷ್ಟೋ ಕಡಿಮೆ. ರಿಯಾಕ್ಟರ್‌ನ ಬಿಸಿ ಹೊತ್ತು ಓಡುವ ಭಾರಜಲವೇ (ಭಾರವಾದ ಹೈಡ್ರೋಜನ್ ಇರುವ ನೀರು) 300 ಡಿಗ್ರಿ ದಾಟುವುದಿಲ್ಲ. ಅದರ ಬಿಸಿಯಿಂದ ಬೇರೆ ಮಾಮೂಲಿ ನೀರು ಉಗಿಯಾಗುತ್ತದೆ. ಇನ್ನು 540 ಎಲ್ಲಿಂದ ಬರಬೇಕು? ‘ವಿಕಿರಣ ತುಂಬಿದ ಉಗಿ’ ಅನ್ನುವುದನ್ನೂ ತೆಗೆಯಿರಿ. ರಿಯಾಕ್ಟರ್‌ನಿಂದ ಉಗಿ ನೇರ ಟರ್ಬೈನ್‌ಗೆ ಹೋಗುವುದು ತಾರಾಪುರದ ಹಳೆಯ ಎರಡು ಘಟಕಗಳ ವಿನ್ಯಾಸ. ಕೈಗಾದ್ದು ಹಾಗಲ್ಲ.

ನಿಮ್ಮ ಕಥೆ ಇರುವುದು ನೀರಿನ ಹನಿಗಳಲ್ಲಿ. ಈ ಉಗಿ ಕುದಿಯುವ ಬಿಂದುವಿನಲ್ಲೇ ಇರುತ್ತದೆ. ಅಧಿಕ ಒತ್ತಡದ ಟರ್ಬೈನ್ ಒಳಗೆ ಬ್ಲೇಡುಗಳನ್ನು ತಳ್ಳುತ್ತಾ, ಹಿಗ್ಗುತ್ತಾ, ತಣಿಯುತ್ತಾ ಹೋದಂತೆ ಹನಿ ಕಟ್ಟುತ್ತದೆ. ಹೊರಬರುವಾಗ ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ನೀರೇ. ನಿಮಿಷಕ್ಕೆ 3000 ಸುತ್ತು ಹೊಡೆಯುವ ಬ್ಲೇಡಿಗೆ ಹನಿ ಬಡಿದರೆ ಸುಮ್ನೆ ಬಿಡುತ್ತಾ? ಉಕ್ಕನ್ನೇ ಕೊರೆಯುತ್ತದೆ. ಅದಕ್ಕೇ ಉಗಿಯನ್ನು ಹೊರಗೆ ತಂದು, ನೀರು ಬೇರ್ಪಡಿಸಿ, ರಿಯಾಕ್ಟರ್ ಕಡೆಯಿಂದ ಬರುವ ಬಿಸಿ ಉಗಿಯಲ್ಲೇ ಒಂದಿಷ್ಟು ಕದ್ದು ಮತ್ತೆ ಕಾಯಿಸಿ, ಆಮೇಲೆ ಕಡಿಮೆ ಒತ್ತಡದ ಟರ್ಬೈನ್‌ಗೆ ಬಿಡುತ್ತಾರೆ. ಒಳ್ಳೆ ಉಗಿ ಖರ್ಚು ಮಾಡಿ ಒದ್ದೆ ಉಗಿ ಒಣಗಿಸುವ ಈ ಲೆಕ್ಕಾಚಾರ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ನಾಟಕೀಯತೆ ಬೇಕೇ ಬೇಕು ಅಂದರೆ ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರ ಇದೆ. 1993ರ ಮಾರ್ಚ್ 31ರಂದು ಅಲ್ಲಿನ ಮೊದಲ ಘಟಕದಲ್ಲಿ ಕಡಿಮೆ ಒತ್ತಡದ ಟರ್ಬೈನಿನ ಕೊನೆಯ ಸಾಲಿನ ಎರಡು ಬ್ಲೇಡು ಮುರಿದವು. ಸಮತೋಲ ತಪ್ಪಿ ಇಡೀ ಯಂತ್ರ ನಡುಗಿತು. ಜನರೇಟರ್ ತಣಿಸುವ ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿತು. ಕೇಬಲ್‌ಗಳು ಸುಟ್ಟು ಘಟಕಕ್ಕೆ ಗಂಟೆಗಟ್ಟಲೆ ಕರೆಂಟೇ ಇರಲಿಲ್ಲ. ಆದರೆ ಇದನ್ನು ಹನಿಗಳ ತಲೆಗೆ ಕಟ್ಟಬೇಡಿ. ಅಲ್ಲಿ ಬ್ಲೇಡು ಮುರಿದದ್ದು ಲೋಹ ದಣಿದು, ಅಂದರೆ ಮತ್ತೆ ಮತ್ತೆ ಅದುರಿ ಬಿರುಕು ಬಿಟ್ಟು.

ಹೊಸದಾಗಿ ಬರೆಯಿರಿ, ಎರಡು ಪುಟ ಸಾಕು. ಜೊತೆಗೆ ಉಗಿ ಹೋಗುವ ದಾರಿಯ ಚಿತ್ರ ಇರಲಿ. ಕೈಯಲ್ಲಿ ಗೀಚಿದ್ದಾದರೂ ಪರವಾಗಿಲ್ಲ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.

ಸಂಪಾದಕ