ಗಂಡನಿಗೆ ಭುವನೇಶ್ವರ, ನನಗೆ ಏನು?

ಪ್ರಶ್ನೆ: ನನಗೆ 34 ವರ್ಷ. ವಿರಾಜಪೇಟೆ ಹತ್ತಿರ ಗಂಡನ ಮನೆ, ಸ್ವಲ್ಪ ಕಾಫಿ ತೋಟ. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಪಿಎಚ್‌ಡಿ ಮಾಡಿದ್ದೇನೆ. ಈಗ ಜಿಲ್ಲೆಯಲ್ಲೇ ಒಂದು ಪ್ರಾಜೆಕ್ಟ್‌ನಲ್ಲಿ ಕಾಳುಮೆಣಸಿನ ಸೊರಗು ರೋಗದ ಕೆಲಸ. ಬರುವ ಮಾರ್ಚ್‌ಗೆ ಅದು ಮುಗಿಯುತ್ತದೆ. ಗಂಡನದು ಕಂಪ್ಯೂಟೇಶನಲ್ ಕೆಮಿಸ್ಟ್ರಿ. ಎರಡು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮುಗಿಸಿ, ಅರ್ಜಿ ಹಾಕಿ ಹಾಕಿ ಸುಸ್ತಾದ ಮೇಲೆ ಈಗ ಭುವನೇಶ್ವರದ ಒಂದು ಕೇಂದ್ರ ಸಂಸ್ಥೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಸಿಕ್ಕಿದೆ. ತಿಂಗಳೊಳಗೆ ಉತ್ತರ ಕೊಡಬೇಕು. ಮಗಳಿಗೆ ನಾಲ್ಕು ವರ್ಷ. ನೆಂಟರೆಲ್ಲ 'ಅವನದು ಪರ್ಮನೆಂಟ್, ನಿನ್ನದು ಪ್ರಾಜೆಕ್ಟ್, ಯೋಚನೆ ಮಾಡೋಕೆ ಏನಿದೆ?' ಅನ್ನುತ್ತಾರೆ. ಕೆಲವರು 'ನೀನು ಇಲ್ಲೇ ಇದ್ದು ಅತ್ತೆಯನ್ನೂ ತೋಟವನ್ನೂ ನೋಡ್ಕೊ' ಅನ್ನುತ್ತಾರೆ. ಗಂಡ 'ನೀನು ಹೇಳಿದ ಹಾಗೆ' ಅನ್ನುತ್ತಾರೆ. ಅತ್ತೆ ಏನೂ ಹೇಳುವುದಿಲ್ಲ. ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಅಷ್ಟೆ. ನಾನು ಕೆಲಸ ಬಿಟ್ಟು ಹೋಗಬೇಕಾ? ಸಂದರ್ಶನಗಳಲ್ಲಿ ಗಂಡನೂ ವಿಜ್ಞಾನಿ ಅಂತ ಹೇಳಬೇಕಾ, ಬೇಡವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕೆಲಸದ ಬಗ್ಗೆ ನೀವು ಬರೆದಿದ್ದು ಒಂದೂವರೆ ಸಾಲು. ಗಂಡನ ಕೆಲಸದ ಬಗ್ಗೆ ಅದಕ್ಕಿಂತ ಜಾಸ್ತಿ. ನನಗೆ ಬೇಜಾರಾಗಿದ್ದು ಅಲ್ಲೇ.

ಕೊಡಗಿನಲ್ಲಿ ಸೊರಗು ರೋಗ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹಚ್ಚಗಿದ್ದ ಬಳ್ಳಿ ಆಗಸ್ಟ್ ಹೊತ್ತಿಗೆ ಮರದಲ್ಲೇ ಕಪ್ಪಾಗಿ ಜೋತು ಬೀಳುತ್ತದೆ. ಹತ್ತು ವರ್ಷ ಸಾಕಿದ ಬಳ್ಳಿ ಕೆಲವೇ ವಾರದಲ್ಲಿ ಹೋಗುತ್ತದೆ. ಕಾಫಿ ಕೈಕೊಟ್ಟ ವರ್ಷ ಎಷ್ಟೋ ಮನೆಯ ಮಕ್ಕಳ ಫೀಸು ಕಟ್ಟಿದ್ದು ಮೆಣಸು. ಆ ಬೇರಿನ ಬುಡದ ಮಣ್ಣಿನಲ್ಲಿ ಈ ರೋಗ ತರುವ ಸೂಕ್ಷ್ಮಜೀವಿ ಫೈಟಾಫ್ಥೊರಾ ಹೇಗೆ ಬದುಕುತ್ತದೆ ಅಂತ ನೋಡುವವರು ನೀವು. 'ಬರೀ ಪ್ರಾಜೆಕ್ಟ್' ಅನ್ನುವುದು ಸಂಬಳ ಬರುವ ರೀತಿಗೆ ಇರುವ ಹೆಸರು. ಕೆಲಸದ ತೂಕ ಅದರಿಂದ ಗೊತ್ತಾಗಲ್ಲ.

ನಿಮ್ಮಂಥವರ ಕಷ್ಟಕ್ಕೆ ವಿಜ್ಞಾನಿಗಳೇ ಇಟ್ಟ ಹೆಸರಿದೆ: ಟೂ ಬಾಡಿ ಪ್ರಾಬ್ಲಮ್, ಅಂದರೆ ಇಬ್ಬರೂ ಸಂಶೋಧಕರಾದ ದಂಪತಿಗೆ ಒಂದೇ ಊರಲ್ಲಿ ಕೆಲಸ ಸಿಗದ ಕಷ್ಟ. ಹಳೆಯ ಕಷ್ಟ ಇದು. ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ಒಟ್ಟಿಗೆ ದುಡಿದ ವಿಜ್ಞಾನಿ ದಂಪತಿ. 1931ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಕಾರ್ಲ್ ಅವರಿಗೆ ಪ್ರೊಫೆಸರ್ ಹುದ್ದೆ ಕೊಟ್ಟಿತು. ಗರ್ಟಿ ಅವರಿಗೆ ಸಿಕ್ಕಿದ್ದು ರಿಸರ್ಚ್ ಅಸೋಸಿಯೇಟ್ ಕೆಲಸ, ಗಂಡನ ಸಂಬಳದ ಹತ್ತರಲ್ಲಿ ಒಂದು ಪಾಲು. ಆಕೆ ಪ್ರೊಫೆಸರ್ ಆಗಿದ್ದು 1947ರಲ್ಲಿ. ಅದೇ ವರ್ಷ ಇಬ್ಬರಿಗೂ ನೊಬೆಲ್ ಬಂತು. ಹದಿನಾರು ವರ್ಷ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ನಮ್ಮಲ್ಲೇ ಬೇರೆ ತರಹದ ಉದಾಹರಣೆಯೂ ಇದೆ. ಕರ್ನಾಟಕದವರೇ ಆದ ರಾಜೇಶ್ವರಿ ಚಟರ್ಜಿ 1953ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಮುಗಿಸಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಗಂಡ ಶಿಶಿರ್ ಕುಮಾರ್ ಚಟರ್ಜಿ ಅವರೂ ಆಕೆಯ ವಿಭಾಗದಲ್ಲೇ ಅಧ್ಯಾಪಕರು. ಇಬ್ಬರೂ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನೆ ಬೆಳೆಸಿದರು. ಒಂದೇ ಕಡೆ ಇಬ್ಬರು ಇರಬಾರದು ಅನ್ನುವವರಿಗೆ ಇದನ್ನು ಹೇಳಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ಕೊಡಗಿನಲ್ಲಿ ನಿಮ್ಮ ವಿಜ್ಞಾನಕ್ಕೆ ಜಾಗವಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ. ಆದರೆ ಕಂಪ್ಯೂಟರ್‌ನಲ್ಲಿ ಅಣುಗಳ ಲೆಕ್ಕ ಹಾಕುವ ನಿಮ್ಮ ಗಂಡನಿಗೆ ಇಲ್ಲಿ ಸಂಶೋಧನೆ ಮಾಡುವ ಜಾಗ ಸಿಗುವುದು ಕಷ್ಟ. ಅವರು ಊರಲ್ಲೇ ಉಳಿದರೆ ಅವರ ಕೆಲಸ ಒಣಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ: ಅವರು ಈ ಹುದ್ದೆ ಒಪ್ಪಿಕೊಳ್ಳಲಿ. ಆದರೆ ನೀವು ರಾಜೀನಾಮೆ ಕೊಡಬೇಡಿ. ಮಾರ್ಚ್‌ಗಿಂತ ಒಂದು ದಿನವೂ ಮೊದಲು ಬಿಡಬೇಡಿ. ಪ್ರಾಜೆಕ್ಟನ್ನು ಇನ್ನೊಂದು ಮಳೆಗಾಲಕ್ಕೆ ಮುಂದುವರಿಸಲು ಆಗುತ್ತದಾ ಅಂತ ನಿಮ್ಮ ಮುಖ್ಯಸ್ಥರನ್ನು ಈಗಲೇ ಕೇಳಿ. ನಿಮ್ಮ ರೋಗದ ಅಂಕಿ ಅಂಶ ಸಿಗುವುದು ಮಳೆಯಲ್ಲಿ ಅಲ್ವಾ?

ಗಂಡ ಉತ್ತರ ಬರೆಯುವ ಮೊದಲು ಸಂಸ್ಥೆಯ ಡೀನ್ ಹತ್ತಿರ ಮಾತಾಡಲಿ. ಈಗ ಅವರ ಕೈಯಲ್ಲಿ ಆಫರ್ ಇದೆ. ಕೇಳುವ ಧೈರ್ಯಕ್ಕೆ ಇದೇ ಸರಿಯಾದ ಸಮಯ, ಸೇರಿದ ಮೇಲೆ ಯಾರೂ ಕಿವಿಗೊಡುವುದಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಒಬ್ಬರನ್ನು ತೆಗೆದುಕೊಂಡರೆ ಅವರ ಸಂಗಾತಿಗೂ ಕೆಲಸ ಹುಡುಕಿಕೊಡುವ ಏರ್ಪಾಡು ಇರುತ್ತದೆ. ನಮ್ಮ ಕೇಂದ್ರ ಸಂಸ್ಥೆಗಳಲ್ಲಿ ಹುದ್ದೆ ಜಾಹೀರಾತು, ಸಂದರ್ಶನದ ಮೂಲಕವೇ ಬರಬೇಕು. ಹಾಗಾಗಿ 'ನನ್ನ ಹೆಂಡತಿಗೂ ಕೆಲಸ ಕೊಡಿ' ಅಂತ ಕೇಳುವುದು ಬೇಡ. 'ಸೇರಲು ಕೆಲವು ತಿಂಗಳು ಸಮಯ ಬೇಕು, ನನ್ನ ಹೆಂಡತಿ ಮಣ್ಣಿನ ಸೂಕ್ಷ್ಮಜೀವಿ ವಿಜ್ಞಾನಿ, ಈ ಊರಲ್ಲಿ ಅವಳ ವಿಷಯದವರು ಯಾರಿದ್ದಾರೆ, ಪರಿಚಯ ಮಾಡಿಕೊಡ್ತೀರಾ' ಅಂತ ಕೇಳಲಿ. ಕ್ಯಾಂಪಸ್‌ನಲ್ಲಿ ಮಗುವಿಗೆ ಡೇ ಕೇರ್ ಇದೆಯಾ, ಕ್ವಾರ್ಟರ್ಸ್ ಯಾವಾಗ ಸಿಗುತ್ತೆ, ಅದನ್ನೂ ಅವರೇ ಕೇಳಲಿ. ನೀವಲ್ಲ.

ಭುವನೇಶ್ವರ ಒಂದೇ ಬಾಗಿಲಿನ ಊರಲ್ಲ. ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಲೈಫ್ ಸೈನ್ಸಸ್ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ. ಪಕ್ಕದ ಕಟಕ್‌ನಲ್ಲಿ 1946ರಿಂದ ಇರುವ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಭತ್ತದ ಬೇರಿನಲ್ಲೂ ನಿಮ್ಮ ಸೂಕ್ಷ್ಮಜೀವಿಗಳೇ ಇರುವುದು. ಇವತ್ತೇ ಅಲ್ಲಿಯ ಮೂರು ನಾಲ್ಕು ಜನರ ಇತ್ತೀಚಿನ ಲೇಖನಗಳನ್ನು ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಿರಿ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ಒಬ್ಬ ಮಾರ್ಗದರ್ಶಕರು, ಒಂದು ಆತಿಥೇಯ ಸಂಸ್ಥೆ ಒಪ್ಪಬೇಕು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಕಿರಣ್ ಯೋಜನೆಯಡಿ ಮಹಿಳೆಯರಿಗೇ ಬೇರೆ ಫೆಲೋಶಿಪ್‌ಗಳಿವೆ. ಅರ್ಜಿ ಹಾಕಿ ಫಲಿತಾಂಶ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಆಗುತ್ತದೆ. ಮಾರ್ಚ್‌ನಲ್ಲಿ ಶುರು ಮಾಡಿದರೆ ತಡ.

'ಹೋಗ್ಲಿ ಬಿಡು, ಆಮೇಲೆ ಟ್ರಾನ್ಸ್‌ಫರ್ ಮಾಡಿಸ್ಕೊಂಡರೆ ಆಯ್ತು' ಅಂತ ಹೇಳುವವರು ಇರುತ್ತಾರೆ. ಗಂಡ ಹೆಂಡತಿಯನ್ನು ಸಾಧ್ಯವಾದಷ್ಟು ಒಂದೇ ಊರಲ್ಲಿ ನೇಮಿಸಬೇಕು ಅನ್ನುವ ಕೇಂದ್ರ ಸರ್ಕಾರದ ಆದೇಶ ಇರುವುದು ನಿಜ, 2009ರಲ್ಲಿ ಅದನ್ನು ಇನ್ನೂ ಗಟ್ಟಿ ಮಾಡಿದರು. ಆದರೆ ಪ್ರಾಜೆಕ್ಟ್ ನೌಕರಿಗೆ ಅದು ಆಸರೆ ಆಗುವುದಿಲ್ಲ. ನಿಮ್ಮ ಗಂಡ ಸೇರುವಂಥ ಸಂಸ್ಥೆಯ ಅಧ್ಯಾಪಕರಿಗೆ ಒಂದು ಊರಿಂದ ಇನ್ನೊಂದು ಊರಿಗೆ ವರ್ಗಾವಣೆ ಅನ್ನುವುದೇ ಇಲ್ಲ. ಬೇರೆ ಕಡೆ ಹೋಗಬೇಕಾದರೆ ಮತ್ತೆ ಅರ್ಜಿ, ಮತ್ತೆ ಸಂದರ್ಶನ. ವರ್ಗಾವಣೆ ಇರುವುದು ನಿಮ್ಮ ದಾರಿಯಲ್ಲಿ. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ವಿಜ್ಞಾನಿಯಾದರೆ ದೇಶದ ತುಂಬಾ ಸಂಸ್ಥೆಗಳಿವೆ. ಆ ಹುದ್ದೆಯ ಪರೀಕ್ಷೆಗೆ ಕೂರಲು ನಿಮ್ಮ ವಯಸ್ಸು ಇನ್ನೂ ಮಿತಿಯೊಳಗೆ ಇದೆಯಾ ಅಂತ ಈ ವಾರವೇ ನೋಡಿ.

ಸಂದರ್ಶನದ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು. ನಾನು, ನನ್ನವರು ಇಬ್ಬರೂ ಸಸ್ಯಶಾಸ್ತ್ರದವರು. ನಾನು ಮಡಿಕೇರಿಯಲ್ಲಿ, ಅವರು ಹೈದರಾಬಾದ್‌ನಲ್ಲಿ, ಹೀಗೆ ನಾಲ್ಕು ವರ್ಷ ಕಳೆದೆವು. ಒಂದು ಸಂದರ್ಶನದಲ್ಲಿ ನನ್ನ ಪ್ರಬಂಧದ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಆಮೇಲೆ 'ಯಜಮಾನರು ಅಲ್ಲಿದ್ದಾರೆ, ನೀವು ಇಲ್ಲಿ ಎಷ್ಟು ದಿನ ಇರ್ತೀರಮ್ಮ?' ಅಂದರು. ನನಗೆ ಮಾತೇ ಹೊರಡಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡ್‌ನಲ್ಲಿ ಕೂತಾಗ ಎಷ್ಟೊಂದು ಉತ್ತರ ಹೊಳೆದವು! ಅದಕ್ಕೇ ಹೇಳುತ್ತಿದ್ದೇನೆ, ಉತ್ತರವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿ. ನೀವಾಗಿ ವಿಷಯ ಎತ್ತಬೇಡಿ. ಕೇಳಿದರೆ ಸುಳ್ಳು ಹೇಳಬೇಡಿ. 'ನಮ್ಮ ಮನೆಯಲ್ಲಿ ಮಾತಾಡಿಕೊಂಡೇ ಅರ್ಜಿ ಹಾಕಿದ್ದೇನೆ. ಮುಂದಿನ ಐದು ವರ್ಷಕ್ಕೆ ಇಲ್ಲಿ ಮಾಡಬೇಕಾದ ಕೆಲಸ ಇದು' ಅಂತ ಹೇಳಿ, ತಕ್ಷಣ ಮಣ್ಣಿಗೆ ಮಾತು ತಿರುಗಿಸಿ. ಆಫರ್ ಕೈಗೆ ಬಂದ ಮೇಲೆ ಎಲ್ಲವನ್ನೂ ಬಿಚ್ಚಿ ಹೇಳಬಹುದು.

'ನೀನು ಹೇಳಿದ ಹಾಗೆ' ಅನ್ನುವ ಗಂಡ ಒಳ್ಳೆಯವರೇ ಇರಬೇಕು. ಆದರೆ ಆ ಮಾತಿನಿಂದ ಪೂರ್ತಿ ಹೊರೆ ನಿಮ್ಮ ತಲೆಗೆ ಬಂತು. ನಾಳೆ ನೀವು ಬೇಡ ಅಂದರೆ ಅವರ ಕೆಲಸ ಕಳೆದವರು ನೀವು, ಹೂಂ ಅಂದರೆ ನಿಮ್ಮ ಕೆಲಸ ಕಳೆದವರೂ ನೀವೇ. ಅವರು ಏನು ಬಿಡಲು ತಯಾರು ಅಂತ ಅವರೇ ಬಾಯಿಬಿಟ್ಟು ಹೇಳಬೇಕು. ಒಂದು ಹಾಳೆಯಲ್ಲಿ ತಾರೀಕು ಬರೆಯಿರಿ. ಎರಡು ವರ್ಷದಲ್ಲಿ ನಿಮಗೆ ಭುವನೇಶ್ವರದ ಸುತ್ತ ಸರಿಯಾದ ಕೆಲಸ ಸಿಗದಿದ್ದರೆ, ಮುಂದಿನ ಹುಡುಕಾಟ ನಿಮಗೋಸ್ಕರ. ಆಗ ಊರು ನೋಡಿ ಹುಡುಕಿ, ಇಬ್ಬರಿಗೂ ಬಾಗಿಲು ಇರುವ ಊರು. ಕೋಳಿಕ್ಕೋಡ್‌ನಲ್ಲಿ ಎನ್‌ಐಟಿಯೂ ಇದೆ, ಮೆಣಸಿನ ಮೇಲೇ ಕೆಲಸ ಮಾಡುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದೆ. ಊರಿಗೂ ಹತ್ತಿರ. ಮೈಸೂರು, ಹೈದರಾಬಾದ್, ತಿರುವನಂತಪುರ ಕೂಡ ಇಬ್ಬರಿಗೂ ಬಾಗಿಲಿರುವ ಊರುಗಳೇ. ಅಲ್ಲಿಯ ಜಾಹೀರಾತುಗಳ ಮೇಲೆ ಗಂಡನೂ ಇವತ್ತಿಂದಲೇ ಒಂದು ಕಣ್ಣಿಡಲಿ.

ಇನ್ನು ಅತ್ತೆ. 'ನೀನು ನೋಡ್ಕೊ' ಅಂದ ನೆಂಟರಲ್ಲಿ ಯಾರಾದರೂ ಅವರ ಮಗನಿಗೆ ಈ ಮಾತು ಹೇಳಿದರಾ? ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳಿದರಾ? ದಿನಾ ಬೆಳಗ್ಗೆ ಎದ್ದು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಮಳೆ ಬರೆದಿಡುವ ಹೆಂಗಸಿಗೆ ತೋಟ ನಡೆಸುವುದು ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ಅವರಿಗೆ ಬೇಕಾಗಿರುವುದು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ಒಬ್ಬ ನಂಬಿಕೆಯ ರೈಟರ್, ಕೊಯ್ಲಿನ ಹೊತ್ತಿಗೆ ಮಗನ ರಜೆ, ಅಷ್ಟೇ ಇರಬಹುದು. ಅಥವಾ ಒಂಟಿಯಾಗಿರಲು ಭಯವೂ ಇರಬಹುದು. ಈ ಭಾನುವಾರ ಗಂಡ ಹೆಂಡತಿ ಇಬ್ಬರೂ ಅವರ ಹತ್ತಿರ ಕೂತು ಕೇಳಿ. ಆ ಮಳೆಪುಸ್ತಕವನ್ನೂ ಒಮ್ಮೆ ತೆಗೆಸಿ ನೋಡಿ. ಎಷ್ಟು ವರ್ಷದ ಲೆಕ್ಕ ಅದರಲ್ಲಿದೆ ಅಂತ ನೀವು ಬರೆದಿಲ್ಲ. ನಿಮ್ಮ ಸೊರಗು ರೋಗದ ಟಿಪ್ಪಣಿಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಕು ಅಂತ ನನಗಂತೂ ಆಸೆ.